ನಾರು ಬಿಟ್ಟುಹೋದ ಬಾವಿಗಳು

ತಿಕೋಟಾ ತಾಲ್ಲೂಕಿನ ಒಂದು ಹಳ್ಳಿಗೆ ನಾವು ಹೋಗಿದ್ದು ಕೆರೆ ತುಂಬಿದ ಸುದ್ದಿ ಬರೆಯಲಿಕ್ಕೆ. ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ಬಂದು ಕೆರೆ ತುಂಬಿತ್ತು. ಕೆರೆಯ ಕೆಳಗಿನ ಬಾವಿಗಳಲ್ಲೂ ನೀರು ಏರಿತ್ತು. ಊರಿನ ಹಳೆಯ ಪಾವಟಿಗೆ ಬಾವಿಯಲ್ಲಿ ಹುಡುಗರು ಈಜುತ್ತಿದ್ದರು. ಫೋಟೊ ತೆಗೆದುಕೊಂಡು, ಪಕ್ಕದ ಕಟ್ಟೆಯ ಮೇಲೆ ಕುಳಿತಿದ್ದ ಒಬ್ಬ ಆಯಿಯನ್ನು ಕೇಳಿದೆವು: "ಆಯಿ, ಮೊದಲ ಈ ಬಾಂವಿ ನೀರ ಕುಡೀತಿದ್ರೇನ್ರಿ?"

ಆಕೆ ಸೀರೆಯ ಅಂಚನ್ನು ಒಂದು ಗೇಣು ಎತ್ತಿ ಎಡಗಾಲು ಮುಂದೆ ಚಾಚಿದರು. ಹರಡಿನ ಮೇಲೆ ಹಳೆಯ ನಾಲ್ಕಾಣೆಯಷ್ಟು ಅಗಲದ, ಒಳಗೆ ಸೇದಿಕೊಂಡಂಥ ಕಲೆ.

"ಕುಡದಿದ್ದಕ್ಕ ಇದು. ನಾರು ಎದ್ದಿತ್ತು. ಎರಡ ತಿಂಗಳ ಹಾಸಗಿ ಬಿಟ್ಟ ಎದ್ದಿದ್ದಿಲ್ಲ ನಾ."

ನಮ್ಮಲ್ಲಿ ಯಾರಿಗೂ ನಾರು ಅಂದರೆ ಏನೆಂದು ಗೊತ್ತಿರಲಿಲ್ಲ. ತೆಂಗಿನ ನಾರು ಗೊತ್ತು, ಪುಂಡಿ ನಾರು ಗೊತ್ತು. ಕಾಲಿನಲ್ಲಿ ಏಳುವ ನಾರು ಯಾವುದು? ಈ ಜಿಲ್ಲೆಯ ಬರ, ಗುಳೆ, ದ್ರಾಕ್ಷಿ, ಟ್ಯಾಂಕರ್ ಎಲ್ಲದರ ಬಗ್ಗೆ ಬರೆದಿದ್ದೇವೆ ಎಂಬ ಸಣ್ಣ ಜಂಬ ನಮಗಿತ್ತು. ಅಜ್ಜ-ಅಜ್ಜಿಯರ ತಲೆಮಾರು ಕಾಲು ಎಳೆದುಕೊಂಡು ನಡೆದ ಒಂದು ರೋಗದ ಹೆಸರೂ ನಮ್ಮ ಕಿವಿಗೆ ಬಿದ್ದಿರಲಿಲ್ಲ. ಕೆರೆಯ ಸುದ್ದಿಯನ್ನು ಬದಿಗಿಟ್ಟೆವು. ಈ ಬರಹ ಅಲ್ಲಿಂದ ಶುರುವಾಯಿತು.

ಪುಸ್ತಕದ ಕನ್ನಡದಲ್ಲಿ ಇದಕ್ಕೆ ನಾರುಹುಣ್ಣು ಎಂದು ಹೆಸರು. ಮರಾಠಿಯವರೂ ನಾರೂ ಎಂದೇ ಕರೆಯುತ್ತಾರೆ. ಇಂಗ್ಲಿಷಿನಲ್ಲಿ ಗಿನಿ ವರ್ಮ್. ಹಳೆಯ ಆಯುರ್ವೇದದ ಗ್ರಂಥಗಳಲ್ಲಿ ಇದು ಸ್ನಾಯುಕ. ಈಜಿಪ್ತಿನ ಸುಮಾರು 3000 ವರ್ಷ ಹಳೆಯ ಮಮ್ಮಿಯೊಂದರ ದೇಹದಲ್ಲೂ ಈ ಹುಳುವಿನ ಗುರುತು ಸಿಕ್ಕಿದೆ. ನಮ್ಮ ಊರಿನ ರೋಗಕ್ಕೆ ಅಷ್ಟು ಹಳೆಯ ಬಳಗವಿದೆ.

ಶ್ಯಾವಿಗೆ ಎಳೆಯಷ್ಟು ದಪ್ಪ, ಎರಡರಿಂದ ಮೂರು ಅಡಿ ಉದ್ದದ ಹೆಣ್ಣು ಹುಳು ಮನುಷ್ಯನ ಚರ್ಮದ ಕೆಳಗೆ ಬೆಳೆಯುತ್ತದೆ. ಬೆಳೆಯುವಾಗ ಗೊತ್ತಾಗುವುದಿಲ್ಲ. ಸುಮಾರು ಒಂದು ವರ್ಷದ ಮೇಲೆ, ಹೆಚ್ಚಾಗಿ ಮೊಣಕಾಲಿನ ಕೆಳಗೆ, ಒಂದು ಬೊಬ್ಬೆ ಏಳುತ್ತದೆ. ಕೆಂಡ ಇಟ್ಟಂಥ ಉರಿ. ಬೊಬ್ಬೆ ಒಡೆದರೆ ಬಿಳಿ ಎಳೆಯ ತುದಿ ಕಾಣುತ್ತದೆ. ಜಗ್ಗಿದರೆ ಹರಿಯುತ್ತದೆ, ಹರಿದರೆ ಒಳಗೆ ಉಳಿದ ತುಂಡು ಕೀವಾಗಿ ಕಾಲು ಬಾಯುತ್ತದೆ. ಅದಕ್ಕೆ ತುದಿಯನ್ನು ಒಂದು ಕಡ್ಡಿಗೆ ಸುತ್ತಿ, ದಿನಕ್ಕೆ ಬೆರಳಗಲ ಬೆರಳಗಲ ಹೊರಗೆ ತೆಗೆಯಬೇಕು. ವಾರಗಳು ಹಿಡಿಯುತ್ತವೆ. ಇದಕ್ಕೆ ಅಂದೂ ಔಷಧಿ ಇರಲಿಲ್ಲ, ಇಂದೂ ಇಲ್ಲ. ಲಸಿಕೆಯೂ ಇಲ್ಲ. ಒಮ್ಮೆ ಬಂದವರಿಗೆ ಮುಂದಿನ ವರ್ಷ ಮತ್ತೆ ಬರಬಹುದು.

"ಕಸಬರಗಿ ಕಡ್ಡಿಗಿ ಸುತ್ತಿ ಕಾಲಿಗಿ ಅರಬಿ ಕಟ್ಟತಿದ್ಳು ನಮ್ಮವ್ವ," ಎಂದರು ಆಯಿ. "ಬಿತ್ತಗಿ ಟೈಮಿಗೆ ಬರೋಬ್ಬರಿ ಏಳತಿತ್ತು ನೋಡ್ರಿ. ನಮ್ಮಪ್ಪಗೂ ಎದ್ದಿತ್ತು. ಆ ವರ್ಸ ನಮ್ಮ ಹೊಲ ಮಂದೀನ ಬಿತ್ತಿದ್ರು."

ಬಿತ್ತಿಗೆಯ ಹೊತ್ತಿಗೇ ಯಾಕೆ ಏಳುತ್ತಿತ್ತು? ಅದಕ್ಕೆ ಉತ್ತರ ಬಾವಿಯಲ್ಲಿದೆ. ಬಾವಿಯಲ್ಲಿ ಬದುಕುವ, ಸಾಸಿವೆ ಕಾಳಿಗಿಂತ ಸಣ್ಣದಾದ ಒಂದು ಜೀವಿಯಲ್ಲಿದೆ.

ಅದರ ಹೆಸರು ಸೈಕ್ಲಾಪ್ಸ್. ಏಡಿ, ಸೀಗಡಿಗಳ ಬಳಗದ್ದು. ಈ ಜೀವಿಯನ್ನು ನೋಡಲು ಪ್ರಯೋಗಾಲಯ ಬೇಕಿಲ್ಲ. ನಾವು ಆ ಬಾವಿಯ ನೀರನ್ನು ಒಂದು ಸ್ಟೀಲ್ ಬಟ್ಟಲಲ್ಲಿ ತುಂಬಿ ಬಿಸಿಲಿಗೆ ಹಿಡಿದೆವು. ಮೊದಲು ಏನೂ ಕಾಣಲಿಲ್ಲ. ಕಣ್ಣು ಹೊಂದಿಕೊಂಡ ಮೇಲೆ ಬಿಳಿ ಚುಕ್ಕೆಗಳು ಕಂಡವು. ಧೂಳಿನ ಕಣ ಮೆಲ್ಲಗೆ ತೇಲುತ್ತದೆ. ಇವು ಜಿಗಿ ಜಿಗಿ ಹಾರುತ್ತಿದ್ದವು, ನಿಲ್ಲುತ್ತಿದ್ದವು, ಮತ್ತೆ ಹಾರುತ್ತಿದ್ದವು. ಉದ್ದ ಹೆಚ್ಚೆಂದರೆ ಒಂದೆರಡು ಮಿಲಿಮೀಟರ್.

ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪೇರಲ ಹಣ್ಣನ್ನು ಉದ್ದಕ್ಕೆ ಎಳೆದಂಥ ಮೈ. ಮುಂದೆ ಎರಡು ಮೀಸೆಗಳು, ಹಿಂದೆ ಕವಲೊಡೆದ ಬಾಲ. ನೆತ್ತಿಯ ಮೇಲೆ ಒಂದೇ ಒಂದು ಕಣ್ಣು. ಗ್ರೀಕರ ಹಳೆಯ ಕಥೆಗಳಲ್ಲಿ ಹಣೆಯ ನಡುವೆ ಒಂದೇ ಕಣ್ಣಿನ ದೈತ್ಯರು ಬರುತ್ತಾರೆ, ಅವರ ಹೆಸರನ್ನೇ ಈ ಕಣದಂಥ ಜೀವಿಗೆ ಇಟ್ಟಿದ್ದಾರೆ. ಹೆಣ್ಣನ್ನು ಗುರುತಿಸುವುದು ಸುಲಭ. ಹೇರು ಹೊತ್ತ ಎತ್ತಿನ ಹಾಗೆ, ಬಾಲದ ಎರಡೂ ಬದಿಗೆ ಎರಡು ತತ್ತಿ ಚೀಲಗಳನ್ನು ಜೋತುಬಿಟ್ಟುಕೊಂಡು ಈಜುತ್ತದೆ.

ಗಂಡು ಸಣ್ಣದು. ಅದರ ಮೀಸೆ ಕೊಕ್ಕೆಯ ಹಾಗೆ ಬಾಗುತ್ತದೆ, ಆ ಕೊಕ್ಕೆಯಿಂದ ಹೆಣ್ಣನ್ನು ಹಿಡಿದುಕೊಂಡು ಕೂಡುತ್ತದೆ. ಒಮ್ಮೆ ಕೂಡಿದರೆ ಸಾಕು, ಹೆಣ್ಣು ಆ ಬೀಜವನ್ನು ಮೈಯಲ್ಲಿ ಕಾಪಿಟ್ಟುಕೊಂಡು ಹಲವು ಸಲ ತತ್ತಿ ಕಟ್ಟುತ್ತದೆ. ತತ್ತಿ ಒಡೆದು ಬರುವ ಮರಿ ತಾಯಿಯನ್ನು ಸ್ವಲ್ಪವೂ ಹೋಲುವುದಿಲ್ಲ. ಮೂರು ಜೊತೆ ಕಾಲಿನ ಒಂದು ಉಂಡೆ, ಅಷ್ಟೇ. ಅದು ಪೊರೆ ಕಳಚುತ್ತ, ಪ್ರತಿ ಸಲ ಒಂದಿಷ್ಟು ಮೈ ಸೇರಿಸಿಕೊಳ್ಳುತ್ತ ಬೆಳೆಯುತ್ತದೆ. ಮರಿಯ ರೂಪದಲ್ಲಿ ಆರು ಹಂತ, ಆಮೇಲೆ ದೊಡ್ಡದರ ರೂಪ ತಾಳಿ ಐದು ಹಂತ. ಒಟ್ಟು ಹನ್ನೊಂದು ಸಲ ಪೊರೆ ಬಿಟ್ಟ ಮೇಲೆ ಪೂರ್ತಿ ಬೆಳೆದ ಸೈಕ್ಲಾಪ್ಸ್. ನಮ್ಮ ಕಡೆಯ ಬೆಚ್ಚಗಿನ ನೀರಿನಲ್ಲಿ ಇದಕ್ಕೆಲ್ಲ ಕೆಲವೇ ವಾರ ಸಾಕು.

ಕೆರೆ ಒಣಗಿದರೆ? ಈ ಪ್ರಶ್ನೆ ನಮಗೆ ಎಲ್ಲಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸಿತು, ಯಾಕೆಂದರೆ ನಮ್ಮಲ್ಲಿ ಒಣಗದ ಕೆರೆ ಕಡಿಮೆ. ಸೈಕ್ಲಾಪ್ಸ್ ಬಳಗದ ಹಲವು ಜಾತಿಗಳು ಅರ್ಧ ಬೆಳೆದ ಹಂತದಲ್ಲೇ ಕೆಸರಿನೊಳಗೆ ಹುದುಗಿ ನಿದ್ದೆ ಹೋಗುತ್ತವೆ. ಮೇಲೆ ಎರೆಮಣ್ಣು ಬಿರುಕು ಬಿಟ್ಟು ಕಾಲು ತೂರುವಷ್ಟು ಬಾಯಿ ತೆರೆದರೂ ಒಳಗಿನ ತೇವ ಅವಕ್ಕೆ ಸಾಕಾಗುತ್ತದೆ. ಮಳೆ ಬಿದ್ದು ನೀರು ನಿಂತರೆ ಎದ್ದು ಬರುತ್ತವೆ, ಉಳಿದ ಬೆಳವಣಿಗೆ ಮುಗಿಸುತ್ತವೆ. ಹೊಸ ನೀರಿನಲ್ಲಿ ಇವು ಎಲ್ಲಿಂದ ಬಂದವು ಎಂದು ಕೇಳುವ ಹಾಗಿಲ್ಲ. ನೆಲದಲ್ಲೇ ಇದ್ದವು.

ಇನ್ನು ಊಟ. ನೀರಚಿಗಟ ಎಂದು ಕರೆಯುವ ಇನ್ನೊಂದು ಸಣ್ಣ ಜೀವಿ ಪಾಚಿಯ ಕಣಗಳನ್ನು ಸೋಸಿಕೊಂಡು ತಿನ್ನುತ್ತದೆ, ಪಾಪದ್ದು. ಸೈಕ್ಲಾಪ್ಸ್ ಹಾಗಲ್ಲ. ಪಾಚಿಯನ್ನೂ ತಿನ್ನುತ್ತದೆ, ಬೇಟೆಯನ್ನೂ ಆಡುತ್ತದೆ. ನೀರಿನಲ್ಲಿ ಮಿಸುಕುವ ಸಣ್ಣದೇನಿದ್ದರೂ ಹಿಡಿಯುತ್ತದೆ. ಆಗ ತಾನೇ ಹುಟ್ಟಿದ ಸೊಳ್ಳೆಯ ಮರಿಯನ್ನು, ಕೆಲವೊಮ್ಮೆ ತನ್ನದೇ ಬಳಗದ ಮರಿಯನ್ನೂ ಬಿಡುವುದಿಲ್ಲ. ಇದನ್ನು ತಿನ್ನುವವು ಮೀನಿನ ಮರಿಗಳು. ಮೀನಿಲ್ಲದ ಬಾವಿಯಲ್ಲಿ ಇದಕ್ಕೆ ಹೇಳುವವರು ಕೇಳುವವರು ಯಾರೂ ಇಲ್ಲ.

ಮಿಸುಕುವುದನ್ನು ಹಿಡಿಯುವ ಈ ಚಾಳಿಯಿಂದಲೇ ಅದು ನಾರಿನ ಬಲೆಗೆ ಬಿದ್ದದ್ದು.

ಕಾಲಿನಲ್ಲಿ ಬೊಬ್ಬೆ ಎದ್ದವರು ಉರಿ ತಾಳಲಾರದೆ ಕಾಲನ್ನು ತಣ್ಣನೆಯ ನೀರಿನಲ್ಲಿ ಇಡುತ್ತಾರೆ. ಹುಳುವಿಗೂ ಅದೇ ಬೇಕು. ನೀರು ತಾಗಿದ ಕೂಡಲೇ ಅದು ಲಕ್ಷಗಟ್ಟಲೆ ಮರಿಗಳನ್ನು ಹೊರಗೆ ಚೆಲ್ಲುತ್ತದೆ. ಆ ಮರಿಗಳು ಕಣ್ಣಿಗೆ ಕಾಣುವುದಿಲ್ಲ, ನೀರಿನಲ್ಲಿ ಸುಮ್ಮನೆ ಒದ್ದಾಡುತ್ತವೆ. ಕೆಲವೇ ದಿನದಲ್ಲಿ ಯಾರಾದರೂ ತಿನ್ನದಿದ್ದರೆ ಸಾಯುತ್ತವೆ. ಸೈಕ್ಲಾಪ್ಸ್ ಅವನ್ನು ಬೇಟೆ ಎಂದು ನುಂಗುತ್ತದೆ. ನುಂಗಿದ ಮರಿ ಅದರ ಹೊಟ್ಟೆ ತೂರಿ ಮೈಯೊಳಗೆ ಇಳಿದು, ಎರಡು ಸಲ ಪೊರೆ ಬಿಟ್ಟು, ಸುಮಾರು 14 ದಿನದಲ್ಲಿ ಮನುಷ್ಯನಿಗೆ ಹತ್ತುವಷ್ಟು ಬಲಿಯುತ್ತದೆ. ಹೆಚ್ಚು ಮರಿ ನುಂಗಿದ ಸೈಕ್ಲಾಪ್ಸ್ ಸತ್ತೇ ಹೋಗುತ್ತದೆ. ಬದುಕಿದ್ದು ಮೊದಲಿನ ಹಾಗೆ ಜಿಗಿಯಲಾರದೆ ತಳಕ್ಕೆ ಇಳಿಯುತ್ತದೆ. ಅಂದರೆ ಅದಕ್ಕೂ ಇದು ರೋಗವೇ.

ತಳಕ್ಕೆ ಇಳಿಯುವ ಈ ಸಂಗತಿಯನ್ನು ಬಾವಿಯ ಲೆಕ್ಕದಲ್ಲಿ ನೋಡಿ. ಶ್ರಾವಣದಲ್ಲಿ ಬಾವಿ ತುಂಬಿರುತ್ತದೆ, ಕೊಡ ಮೇಲಿನ ನೀರನ್ನು ತುಂಬಿಕೊಳ್ಳುತ್ತದೆ. ಯುಗಾದಿ ದಾಟಿದ ಮೇಲೆ ನೀರು ಕೆಳಗಿನ ಪಾವಟಿಗೆಗೆ ಇಳಿಯುತ್ತದೆ. ಹೆಂಗಸರು ತಳದಲ್ಲಿ ನಿಂತು ಚೆರಿಗೆಯಿಂದ ಗೋರಿ ಗೋರಿ ಕೊಡ ತುಂಬುತ್ತಾರೆ. ಇರುವ ಅಷ್ಟೂ ಸೈಕ್ಲಾಪ್ಸ್ ಆ ಸ್ವಲ್ಪ ನೀರಿನಲ್ಲಿ ಕಿಕ್ಕಿರಿದಿರುತ್ತವೆ. ನಾರು ಹೊತ್ತವು ತಳದಲ್ಲೇ ಇರುತ್ತವೆ. ಬೇಸಿಗೆಯಲ್ಲಿ ಕುಡಿದ ಆ ನೀರು ಹೊಟ್ಟೆಗೆ ಹೋಗಿ, ಜಠರದ ಆಮ್ಲದಲ್ಲಿ ಸೈಕ್ಲಾಪ್ಸ್ ಕರಗಿ, ಒಳಗಿನ ಮರಿ ಬಿಡುಗಡೆಯಾಗಿ, ಒಂದು ವರ್ಷ ಮೈಯಲ್ಲಿ ಓಡಾಡಿ ಕಾಲಿಗೆ ಇಳಿಯುತ್ತದೆ. ಅಷ್ಟೊತ್ತಿಗೆ ಮುಂದಿನ ಬೇಸಿಗೆ ಮುಗಿದು ಮುಂಗಾರು ಬಂದಿರುತ್ತದೆ. ಆಯಿಯ ಅಪ್ಪನ ಹೊಲವನ್ನು ಮಂದಿ ಬಿತ್ತಿದ್ದು ಇದಕ್ಕೇ.

"ಮತ್ತ ಬ್ಯಾರೆ ಬಾಂವಿ ಇದ್ದಿದ್ದಿಲ್ಲೇನ್ರಿ ಆಯಿ?" ಎಂದು ಕೇಳಿದೆವು.

"ಇದ್ದುವಲ್ಲ. ಎಲ್ಲಾ ಸವಳ. ಸೀ ನೀರಂದ್ರ ಇದೊಂದ."

ಡೋಣಿ ಹೊಳೆಯ ದಂಡೆಯವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಡೋಣಿ ಹರಿದರೆ ಓಣಿಯೆಲ್ಲ ಕಾಳು ಎನ್ನುತ್ತೇವೆ, ಆದರೆ ಡೋಣಿಯ ನೀರು ಸವಳು. ಬಬಲೇಶ್ವರ, ಸಾರವಾಡ ಕಡೆ ಎರಿ ಹೊಲದಲ್ಲಿ ತೋಡಿದ ಎಷ್ಟೋ ಬಾವಿಗಳ ನೀರೂ ಬಾಯಿಗೆ ಹಿಡಿಯುವುದಿಲ್ಲ. ಹಾಗಾಗಿ ಒಂದು ಸಿಹಿನೀರಿನ ಬಾವಿಯ ಮೇಲೆ ಇಡೀ ಊರು ಬೀಳುತ್ತಿತ್ತು. ಬಾವಿಯ ಪಾವಟಿಗೆ ಇಳಿಯುವವರ ಜಾತಿ ನೋಡುತ್ತಿತ್ತು. ಹೊರಗೆ ನಿಂತವರು ಮೇಲಿನವರು ಕೊಡಕ್ಕೆ ಹಾಕಿದ ನೀರಿಗೆ ಕಾಯಬೇಕಿತ್ತು, ಇಲ್ಲವೇ ಹಳ್ಳದಲ್ಲಿ ವರತಿ ತೋಡಬೇಕಿತ್ತು. ಹುಳು ಮಾತ್ರ ಯಾರ ಕಾಲು ಎಂದು ನೋಡಲಿಲ್ಲ. ಒಂದು ಕಾಲು ನೀರಿಗೆ ಇಳಿದರೆ ಸಾಕು, ಆ ಬಾವಿಯ ನೀರು ಕುಡಿದ ಯಾರ ಮನೆಗಾದರೂ ಅದು ಹೋಗಬಹುದಿತ್ತು.

ಇಷ್ಟು ತಿಳಿದ ಮೇಲೆ ನಾವು ವಿಜಯಪುರಕ್ಕೆ ಹೋಗಿ ತಾಜ್ ಬಾವಡಿಯ ಮುಂದೆ ನಿಂತೆವು. ಹತ್ತು ಸಲ ನೋಡಿದ ಜಾಗ. ಈ ಸಲ ಕಮಾನು ನೋಡಲಿಲ್ಲ, ಪಾವಟಿಗೆ ನೋಡಿದೆವು.

ಎರಡನೇ ಇಬ್ರಾಹಿಂ ಆದಿಲ್ ಶಾಹನ ಕಾಲದಲ್ಲಿ, 1620ರಲ್ಲಿ, ಅವನ ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ ಕಟ್ಟಿದ ಬಾವಡಿ ಇದು. ಅದಕ್ಕೂ ಮೊದಲು 1579ರಲ್ಲಿ, ಒಂದನೇ ಅಲಿ ಆದಿಲ್ ಶಾಹ ಚಾಂದ್ ಬೀಬಿಯ ಹೆಸರಿನಲ್ಲಿ ಚಾಂದ್ ಬಾವಡಿ ಕಟ್ಟಿಸಿದ್ದ. ಬರದ ನಾಡಿನಲ್ಲಿ ರಾಜಧಾನಿ ಕಟ್ಟಿದವರಿಗೆ ನೀರಿನ ಬೆಲೆ ಗೊತ್ತಿತ್ತು. ತೊರವಿಯಿಂದ ನೆಲದ ಒಳಗೆ ಸುರಂಗ ತೋಡಿ ನೀರು ತಂದರು. 1651ರಲ್ಲಿ ಮುಹಮ್ಮದ್ ಆದಿಲ್ ಶಾಹ ಬೇಗಂ ತಲಾಬ್ ಕಟ್ಟಿಸಿದ, ಅಲ್ಲಿಂದ ಮಣ್ಣಿನ ಕೊಳವೆಯಲ್ಲಿ ನೀರು ಊರೊಳಗೆ ಹರಿಯಿತು. ನಡುನಡುವೆ ನೀರಿನ ಒತ್ತಡ ಇಳಿಸಲು, ಹೂಳು ನಿಲ್ಲಿಸಲು ಗಂಜ್ ಎಂಬ ಗೋಪುರಗಳು. ಇಂದಿಗೂ ಕೆಲವು ನಿಂತಿವೆ. ಇತ್ತ ಬಬಲೇಶ್ವರ ತಾಲ್ಲೂಕಿನ ಮಮದಾಪುರದ ದೊಡ್ಡ ಕೆರೆಯೂ ಅದೇ ಮುಹಮ್ಮದ್ ಆದಿಲ್ ಶಾಹನದು, 1633ರದ್ದು.

ಸೈಕ್ಲಾಪ್ಸ್ ಕಣ್ಣಿನಿಂದ ನೋಡಿದರೆ ಈ ಎಲ್ಲ ನೀರು ಒಂದೇ ಅಲ್ಲ. ಕೊಳವೆಯ ನೀರಿಗೆ ಯಾರ ಕಾಲೂ ತಾಗುವುದಿಲ್ಲ. ಹಗ್ಗ ಹಾಕಿ ಸೇದುವ ಬಾವಿಗೂ ತಾಗುವುದಿಲ್ಲ. ದೊಡ್ಡ ಕೆರೆಯಲ್ಲಿ ಮೀನಿರುತ್ತದೆ. ಪಾವಟಿಗೆ ಬಾವಿಯಲ್ಲಿ ಮಾತ್ರ ಕುಡಿಯುವ ನೀರು ಮತ್ತು ಮನುಷ್ಯನ ಕಾಲು ಒಂದೇ ಕಡೆ ಸೇರುತ್ತವೆ. ತಾಜ್ ಬಾವಡಿಯ ಹೆಸರು ಕೆಡಿಸುವುದು ನಮ್ಮ ಉದ್ದೇಶವಲ್ಲ. ಬಾಯಾರಿದವರು ಹಗ್ಗ ಇಲ್ಲದೆಯೂ ನೀರು ಮುಟ್ಟಲಿ ಎಂದು ಕಟ್ಟಿದವು ಆ ಪಾವಟಿಗೆಗಳು. ಬಡವರಿಗೆ ಅನುಕೂಲವಾಗಲೆಂದು ಮಾಡಿದ್ದೇ, ಹಳ್ಳಿ ಹಳ್ಳಿಯ ಸಣ್ಣ ಬಾವಿಗಳಲ್ಲಿ, ನಾರಿಗೂ ಅನುಕೂಲವಾಯಿತು.

ನೀರಿನಿಂದ ನಾರು ಬರುತ್ತದೆ ಎಂಬ ಅನುಮಾನ ಜನರಿಗೆ ಹಿಂದಿನಿಂದಲೂ ಇತ್ತು. ಹೇಗೆ ಬರುತ್ತದೆ ಎಂಬುದನ್ನು ಹಿಡಿದವನು ರಷ್ಯಾದ ಅಲೆಕ್ಸಿ ಫೆದ್ಚೆಂಕೊ. 1870ರ ಹೊತ್ತಿಗೆ, ಮಧ್ಯ ಏಷ್ಯಾದ ಸಮರಕಂದ ಕಡೆ ಕೆಲಸ ಮಾಡುವಾಗ, ಹುಳುವಿನ ಮರಿಗಳು ಸೈಕ್ಲಾಪ್ಸ್ ಮೈಯಲ್ಲಿ ಬೆಳೆಯುವುದನ್ನು ಅವನು ಕಂಡ. ಸುಮಾರು 35 ವರ್ಷದ ಮೇಲೆ ಆಫ್ರಿಕಾದ ಪಶ್ಚಿಮ ಕರಾವಳಿಯಲ್ಲಿ ರಾಬರ್ಟ್ ಲೀಪರ್ ಎಂಬವನು ಮುಂದಿನ ಕೊಂಡಿ ಜೋಡಿಸಿದ. ಜಠರದಲ್ಲಿರುವಂಥ ಆಮ್ಲದಲ್ಲಿ ಸೈಕ್ಲಾಪ್ಸ್ ಸಾಯುತ್ತದೆ, ಒಳಗಿನ ಮರಿ ಸಾಯುವುದಿಲ್ಲ, ಚುರುಕಾಗುತ್ತದೆ ಎಂದು ತೋರಿಸಿದ. ಬಾಳೆಹಣ್ಣಿನಲ್ಲಿ ಸೈಕ್ಲಾಪ್ಸ್ ಇಟ್ಟು ಕೋತಿಗೆ ತಿನ್ನಿಸಿ, ತಿಂಗಳುಗಳ ನಂತರ ಅದರ ಮೈಯಲ್ಲಿ ಹುಳು ಕಂಡ.

ಈ ಕಥೆಯ ಒಂದು ದೊಡ್ಡ ಅಧ್ಯಾಯ ನಮ್ಮ ರಾಜ್ಯದಲ್ಲೇ ನಡೆದಿದೆ, ಅದು ನಮಗೆ ಯಾವ ತರಗತಿಯಲ್ಲೂ ಯಾರೂ ಹೇಳಿರಲಿಲ್ಲ. 1930ರ ದಶಕ. ವಿಜಯಪುರ ಆಗ ಮುಂಬೈ ಪ್ರಾಂತ್ಯದಲ್ಲಿತ್ತು, ಚಿತ್ರದುರ್ಗ ಮೈಸೂರು ಸಂಸ್ಥಾನದಲ್ಲಿತ್ತು. ಆಳುವವರು ಬೇರೆ, ಮಳೆ ಕಡಿಮೆಯಾದ ನೆಲ ಮತ್ತು ಪಾವಟಿಗೆ ಬಾವಿ ಎರಡೂ ಕಡೆ ಒಂದೇ. ಚಿತ್ರದುರ್ಗ ಜಿಲ್ಲೆಯ ಹಳ್ಳಿಗಳಲ್ಲಿ ನಾರು ಎಷ್ಟಿದೆ, ಯಾಕಿದೆ ಎಂದು ಹುಡುಕುತ್ತಿದ್ದವರು ವಿ. ಎನ್. ಮೂರ್ತಿ. ಅವರ ಜೊತೆಗೆ ಡಬ್ಲ್ಯು. ಸಿ. ಸ್ವೀಟ್ ಎಂಬ ಅಮೆರಿಕದ ವೈದ್ಯ. ಪ್ರಯೋಗಾಲಯದ ಗಾಜಿನ ಪಾತ್ರೆಯಲ್ಲಷ್ಟೇ ಅಲ್ಲ, ಊರಿನ ಬಾವಿಗಳ ನೀರಿನಲ್ಲೇ ನಾರಿನ ಮರಿ ಹೊತ್ತ ಸೈಕ್ಲಾಪ್ಸ್ ಇರುವುದನ್ನು ಅವರಿಬ್ಬರು 1936ರಲ್ಲಿ ಬರೆದು ಪ್ರಕಟಿಸಿದರು. ಮರಿ ಸೈಕ್ಲಾಪ್ಸ್ ಒಳಗೆ ದಿನದಿನಕ್ಕೆ ಹೇಗೆ ಬದಲಾಗುತ್ತದೆ ಎಂಬುದನ್ನು ಮೂರ್ತಿ 1938ರಲ್ಲಿ ವಿವರವಾಗಿ ಬರೆದರು. ನಾಯಿಗಳಿಗೂ ಈ ಹುಳು ಹತ್ತಿಸಬಹುದು ಎಂದು ಇಬ್ಬರೂ ತೋರಿಸಿದರು.

ಅವರು ಮಾಡಿದ ಇನ್ನೊಂದು ಕೆಲಸ ನಮಗೆ ತುಂಬ ಹಿಡಿಸಿತು. ಪಾವಟಿಗೆ ಬಾವಿಗಳಿಗೆ ಸಣ್ಣ ಮೀನು ಬಿಟ್ಟರು. ಮೀನು ಸೈಕ್ಲಾಪ್ಸ್ ತಿಂದವು. ವಿಷ ಹಾಕಲಿಲ್ಲ, ಬಾವಿ ಮುಚ್ಚಲಿಲ್ಲ, ಬಾವಿಯೊಳಗೆ ಕಾಣೆಯಾಗಿದ್ದ ಒಂದು ಕೊಂಡಿಯನ್ನು ತಂದು ಸೇರಿಸಿದರು. ಸುಮಾರು 90 ವರ್ಷದ ಹಿಂದಿನ ಮಾತಿದು. ಇಂದು ಸೊಳ್ಳೆ ಮರಿ ತಿನ್ನಲಿ ಎಂದು ಆರೋಗ್ಯ ಇಲಾಖೆಯವರು ಬಾವಿಗೆ ಗಪ್ಪಿ ಮೀನು ಬಿಡುವುದನ್ನು ನೋಡುತ್ತೇವಲ್ಲ, ಅದೇ ಬುದ್ಧಿ.

ಆದರೂ ನಾರು ಹೋಗಲು ಇನ್ನೂ 60 ವರ್ಷ ಬೇಕಾಯಿತು. ತಿಳಿದದ್ದು ಒಂದು, ಊರೂರಿಗೆ ಮುಟ್ಟಿಸುವುದು ಇನ್ನೊಂದು. ಸ್ವಾತಂತ್ರ್ಯ ಬಂದು ಮೂರು ದಶಕ ಕಳೆದರೂ ಅಂದಿನ ಬಿಜಾಪುರ ಜಿಲ್ಲೆ, ಅಂದರೆ ಇಂದಿನ ವಿಜಯಪುರ ಮತ್ತು ಬಾಗಲಕೋಟೆ ಎರಡೂ, ನಾರು ಇರುವ ಜಿಲ್ಲೆಗಳ ಪಟ್ಟಿಯಲ್ಲೇ ಇತ್ತು. ಕೇಂದ್ರ ಸರ್ಕಾರ ರಾಷ್ಟ್ರೀಯ ನಾರುಹುಣ್ಣು ನಿರ್ಮೂಲನ ಕಾರ್ಯಕ್ರಮ ಶುರು ಮಾಡಿದ್ದು 1983-84ರಲ್ಲಿ. 1984ರಲ್ಲಿ ಲೆಕ್ಕ ಹಾಕಿದಾಗ ದೇಶದ 7 ರಾಜ್ಯಗಳ 89 ಜಿಲ್ಲೆಗಳಲ್ಲಿ, 12,840 ಹಳ್ಳಿಗಳಲ್ಲಿ, 39,792 ಜನರಿಗೆ ನಾರು ಇತ್ತು. ಆ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಔಷಧಿ ಇಲ್ಲದ ರೋಗವನ್ನು ಓಡಿಸಿದ್ದು ಹೇಗೆ? ಆರೋಗ್ಯ ಕಾರ್ಯಕರ್ತರು ಕೈಯಲ್ಲಿ ನಾರಿನ ಚಿತ್ರ ಹಿಡಿದು ಮನೆ ಮನೆಗೆ ಹೋಗಿ, "ಇಂಥದ್ದು ಯಾರಿಗಾದರೂ ಎದ್ದಿದೆಯೇ" ಎಂದು ಕೇಳಿದರು. ನಾರು ಎದ್ದವರು ನೀರಿಗೆ ಇಳಿಯದ ಹಾಗೆ ನೋಡಿಕೊಂಡರು, ಕಾಲಿಗೆ ಪಟ್ಟಿ ಕಟ್ಟಿದರು. ಕುಡಿಯುವ ನೀರನ್ನು ಎರಡು ಪದರದ ಅರಿವೆಯಲ್ಲಿ ಸೋಸಲು ಕಲಿಸಿದರು. ಸೈಕ್ಲಾಪ್ಸ್ ಬಟ್ಟೆಯ ಕಣ್ಣಲ್ಲಿ ತೂರದಷ್ಟು ದೊಡ್ಡದು, ಅಷ್ಟು ಸಾಕು. ನೀರು ಗಾಳಿಸಿ ಕುಡಿಯುವ ನಮ್ಮ ಜೈನರ ಮನೆಗಳು ಈ ಪಾಠವನ್ನು ಯಾವ ಇಲಾಖೆಗಿಂತಲೂ ಮೊದಲೇ ಕಲಿತಿದ್ದವು, ಕಾರಣ ಬೇರೆಯಾಗಿದ್ದರೂ. ಬಾವಿಗಳಿಗೆ ಟೆಮೆಫಾಸ್ ಎಂಬ ಔಷಧಿ ಹಾಕಿದರು, ಒಂದು ಲೀಟರ್ ನೀರಿಗೆ ಒಂದು ಮಿಲಿಗ್ರಾಂ ಲೆಕ್ಕದಲ್ಲಿ. ಅಷ್ಟರಲ್ಲಿ ಸೈಕ್ಲಾಪ್ಸ್ ಸಾಯುತ್ತದೆ, ನೀರು ಕುಡಿಯುವವರಿಗೆ ತೊಂದರೆಯಿಲ್ಲ. ಪಾವಟಿಗೆಗಳನ್ನು ಮುಚ್ಚಿ ಸೇದುವ ಬಾವಿ ಮಾಡಿದರು. ಎಲ್ಲಕ್ಕಿಂತ ಹೆಚ್ಚಾಗಿ, ಬೋರಿಂಗ್ ಹಾಕಿದರು.

"ಬೋರಿಂಗ್ ಬಂತು, ನಾರು ಹೋತು" ಎಂದು ಆಯಿ ನಾಲ್ಕೇ ಮಾತಿನಲ್ಲಿ ಮುಗಿಸಿದರು. ಟೆಮೆಫಾಸ್, ಸೈಕ್ಲಾಪ್ಸ್ ಎಲ್ಲ ನಮ್ಮ ಉಪಕಥೆ.

ದೇಶದ ಕೊನೆಯ ನಾರು ಕಂಡದ್ದು 1996ರ ಜುಲೈನಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. ಕರ್ನಾಟಕದ್ದು ಅದಕ್ಕೂ ಮೊದಲೇ ಮುಗಿದಿತ್ತು. 2000ದ ಫೆಬ್ರವರಿಯಲ್ಲಿ ಭಾರತ ನಾರುಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಮುದ್ರೆ ಬಿತ್ತು. 1980ರ ದಶಕದ ನಡುವೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 35 ಲಕ್ಷ ಜನರಿಗೆ ನಾರು ಏಳುತ್ತಿತ್ತು ಎಂದು ಅಂದಾಜು. 2024ರಲ್ಲಿ ಇಡೀ ಜಗತ್ತಿನಲ್ಲಿ ಕಂಡದ್ದು 15 ಜನರಲ್ಲಿ, ಎಲ್ಲರೂ ಆಫ್ರಿಕಾದ ಚಾಡ್ ಮತ್ತು ದಕ್ಷಿಣ ಸುಡಾನ್ ದೇಶದವರು. ಚಾಡ್‌ನಲ್ಲಿ ಈಗ ನಾಯಿಗಳಲ್ಲೇ ಈ ಹುಳು ಹೆಚ್ಚು ಕಾಣುತ್ತಿದೆ. ಮೂರ್ತಿ ಮತ್ತು ಸ್ವೀಟ್ ನಾಯಿಗಳ ಮೇಲೆ ಮಾಡಿದ ಪ್ರಯೋಗ ಈಗ ಮತ್ತೆ ನೆನಪಾಗುವ ಹೊತ್ತು.

ನಾರು ಹೋಯಿತು, ಅದರ ಹಿಂದೆಯೇ ಬಾವಿಯೂ ಹೋಯಿತು. ಯಾರೂ ನೀರು ತರದ ಬಾವಿಗೆ ಯಾರೂ ಕಾವಲಿಲ್ಲ. ಕಸ ಬಿತ್ತು, ಪ್ಲಾಸ್ಟಿಕ್ ಬಿತ್ತು, ಜಾಲಿ ಬೆಳೆಯಿತು. ವಿಜಯಪುರದ ದೊಡ್ಡ ಬಾವಡಿಗಳ ಗತಿಯೂ ಬಹುಕಾಲ ಅದೇ ಆಗಿತ್ತು, ಹೂಳೆತ್ತಿ ಸ್ವಚ್ಛ ಮಾಡಿದ್ದು ಇತ್ತೀಚಿನ ವರ್ಷಗಳಲ್ಲಿ. ಇತ್ತ ಬೋರಿಂಗ್ ನೀರು ಪಾತಾಳಕ್ಕೆ ಇಳಿಯಿತು. ಕೆಲವು ಕಡೆ ಅದರಲ್ಲಿ ಫ್ಲೋರೈಡ್, ಕೆಲವು ಕಡೆ ಅದೂ ಸವಳು. ಒಂದು ರೋಗದಿಂದ ಬಿಡಿಸಿದ ನೀರು ಇನ್ನೊಂದು ಚಿಂತೆ ತಂದಿತು. ಈಗ ಕೃಷ್ಣೆಯ ನೀರು ಬಂದು ಕೆರೆ ತುಂಬುತ್ತಿದೆ, ಹಳೆಯ ಬಾವಿಗಳು ಮತ್ತೆ ಉಸಿರಾಡುತ್ತಿವೆ. ಬಾವಡಿಗಳನ್ನು ಉಳಿಸೋಣ ಎಂಬ ಮಾತು ಕೇಳಿ ನಮಗೂ ಖುಷಿಯೇ. ಹೀಗೆ ಉಳಿಸುವಾಗ ಅವು ಯಾಕೆ ಸತ್ತವು ಎಂಬ ಲೆಕ್ಕದಲ್ಲಿ ಆಯಿಯ ಕಾಲಿನ ಕಲೆಯೂ ಸೇರಬೇಕು ಎನ್ನುವುದಷ್ಟೇ ನಮ್ಮ ತಕರಾರು. ಕಲೆ ಇರುವವರಿಗೆ ಈಗ ವಯಸ್ಸಾಗಿದೆ. ಆಯಿಯ ಮೊಮ್ಮಗಳು ಅಜ್ಜಿಗೆ ಚೇಳು ಕಡಿದಿತ್ತು ಎಂದೇ ಇಷ್ಟು ದಿನ ತಿಳಿದಿದ್ದಳು.

ಸೈಕ್ಲಾಪ್ಸ್ ಎಲ್ಲಿಗೂ ಹೋಗಿಲ್ಲ. ತಿಕೋಟಾದ ದ್ರಾಕ್ಷಿ ತೋಟದ ಕೃಷಿ ಹೊಂಡದಲ್ಲೂ ಸಿಗುತ್ತದೆ, ಎಮ್ಮೆ ಬೀಳುವ ಹೊಂಡದಲ್ಲೂ ಸಿಗುತ್ತದೆ. ನಾರಿನ ಮರಿ ಇಲ್ಲದ ನೀರಿನಲ್ಲಿ ಅದರಿಂದ ನಾರು ಬರುವುದಿಲ್ಲ. ವಿಯೆಟ್ನಾಂನಲ್ಲಿ 1990ರ ದಶಕದಿಂದ ಈ ಬಳಗದ ಒಂದು ದೊಡ್ಡ ಜಾತಿಯನ್ನು ಬೇಕೆಂದೇ ಮನೆಯ ನೀರಿನ ತೊಟ್ಟಿಗಳಿಗೆ ಬಿಡುತ್ತಾರೆ. ಡೆಂಗಿ ಹರಡುವ ಸೊಳ್ಳೆಯ ಮರಿಗಳನ್ನು ಅದು ತಿಂದು, ಹಲವು ಹಳ್ಳಿಗಳಲ್ಲಿ ಆ ಸೊಳ್ಳೆಯೇ ಇಲ್ಲದ ಹಾಗೆ ಮಾಡಿದೆ. ಹಾಗೆಂದು ಬಾವಿಯ ನೀರನ್ನು ಸೋಸದೆ ಕುಡಿಯಿರಿ ಎಂದು ನಾವು ಹೇಳುವುದಿಲ್ಲ. ಕಾಲರಾದ ಜೀವಾಣುಗಳು ಸೈಕ್ಲಾಪ್ಸ್ ಬಳಗದ ಜೀವಿಗಳ ಮೈಗೆ ಅಂಟಿಕೊಂಡು ಬದುಕುತ್ತವೆ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಹತ್ತಿ ಸೀರೆಯನ್ನು ಎಂಟು ಪದರವಾಗುವಂತೆ ಮಡಿಚಿ ನೀರು ಸೋಸಿದ ಮನೆಗಳಲ್ಲಿ ಕಾಲರಾ 48% ಇಳಿಯಿತು ಎಂದು 2003ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಹೊಸ ಸೀರೆಗಿಂತ ಹಳೆಯದೇ ಒಳ್ಳೆಯದಂತೆ, ತೊಳೆದು ತೊಳೆದು ನೂಲು ಬಿಚ್ಚಿಕೊಂಡು ಕಣ್ಣು ಸಣ್ಣಗಾಗಿರುತ್ತದೆ. ಸೋಸಿದ ಮೇಲೆ ಕುದಿಸಿದರೆ ಇನ್ನೂ ಒಳ್ಳೆಯದು.

ವಿಜಯಪುರದಿಂದ ಮತ್ತೊಮ್ಮೆ ಆ ಹಳ್ಳಿಗೆ ಹೋದೆವು. ಬಟ್ಟಲಿನ ನೀರಿನ ವಿಡಿಯೊವನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ಆಯಿಗೆ ತೋರಿಸಿದೆವು. ಎರಡು ಚೀಲ ಹೊತ್ತ ಹೆಣ್ಣು ಸೈಕ್ಲಾಪ್ಸ್ ಪರದೆಯ ಮೇಲೆ ಜಿಗಿಯುತ್ತಿತ್ತು. ಆಯಿ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಇದ ಏನ್ ನಮ್ಮನ್ನ ಕಾಡಿದ್ದು?"

"ಇದಲ್ರಿ ಆಯಿ. ಇದರ ಹೊಟ್ಯಾಗ ಇರತಿತ್ತು."

"ಈಗ ಇಲ್ಲಲ್ಲ?"

"ಇಲ್ರಿ."

"ಬಸರಿ ಕಾಣತೈತಿ," ಎಂದು ಮೊಬೈಲನ್ನು ಮೊಮ್ಮಗಳ ಕೈಗೆ ಕೊಟ್ಟರು. ಬಟ್ಟಲನ್ನು ತಿರುಗಿ ಬಾವಿಗೆ ಸುರಿದು ಬಾ ಎಂದು ಅವಳಿಗೆ ಹೇಳಿ, ನಮಗೆ ಚಹಾ ಇಡಲು ಒಳಗೆ ಹೋದರು. ಒಳಗಿನಿಂದ ನೀರು ಸೋಸುವ ಸದ್ದು ಕೇಳುತ್ತಿತ್ತು. ನಲ್ಲಿಯ ನೀರೇ, ಆದರೂ ಕೊಡದ ಬಾಯಿಗೆ ಅರಿವೆ ಕಟ್ಟಿತ್ತು.